ನೀಲಿ ಟಿಕ್ ಬಾರದ ಮೆಸೇಜು

ಬಾಯಲ್ಲಿ ಲವಂಗ ಇಟ್ಟುಕೊಂಡು ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ರಂಜನಿಗೆ ಇದು ಗೊತ್ತಾದದ್ದು ಅಂಗೈ ಬಳಗಕ್ಕೆ ಅವಳು ಕಾಲಿಟ್ಟ ಮೊದಲನೇ ಭಾನುವಾರ, ಸಂಜಯನಗರದ ಸೇತುರಾಮರ ಮನೆಯ ಮಹಡಿ ಕೋಣೆಯಲ್ಲಿ.

ಅಂಗೈ ಬಳಗ ಅಂದರೆ ದೊಡ್ಡ ಸಂಸ್ಥೆಯೇನಲ್ಲ. ಆರೇಳು ಜನ, ಒಂದು ಉದ್ದನೆಯ ಮೇಜು, ಒಂದು ಫ್ಲಾಸ್ಕ್ ಕಾಫಿ, ಅಷ್ಟೆ. ಜೀವನದಲ್ಲಿ ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿದು, ಈ ಇಂಟರ್ನೆಟ್ ಎಲ್ಲಿ ಕಚ್ಚಿಬಿಡುತ್ತದೋ ಎಂದು ಹೆದರುವವರಿಗೆ ಸುಲಭ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುವುದು ಇವರ ಕೆಲಸ. ಸಂಬಳವಿಲ್ಲ, ಪುಸ್ತಕದ ಮೇಲೆ ಯಾರ ಹೆಸರೂ ಇರುವುದಿಲ್ಲ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ಕೈಪಿಡಿ ಬರೆದು ನಿವೃತ್ತರಾದ ಸೇತುರಾಮರು ಇದಕ್ಕೆ ಹಿರಿಯರು. ಅವರದೊಂದು ನಿಯಮವಿತ್ತು. ಬರೆದ ಪ್ರತಿ ಪುಟವನ್ನೂ ಆ ಕೆಲಸ ಗೊತ್ತಿಲ್ಲದವರೊಬ್ಬರು ಓದಿಕೊಂಡು ಮಾಡಿ ತೋರಿಸಬೇಕು. ಅವರು ಮಾಡುವಷ್ಟು ಹೊತ್ತೂ ಬರೆದವರು ಪಕ್ಕದಲ್ಲೇ ಕೂತಿರಬೇಕು, ಆದರೆ ತುಟಿ ಬಿಚ್ಚಕೂಡದು. ಬಿಚ್ಚದಿರಲಿ ಎಂದೇ ಬಾಯಿಗೊಂದು ಲವಂಗ.

"ಪುಸ್ತಕದ ಜೊತೆ ನೀನೂ ಎಲ್ಲರ ಮನೆಗೆ ಹೋಗಕ್ಕಾಗಲ್ಲಮ್ಮ," ಎಂದು ಸೇತುರಾಮರು ಲವಂಗದ ಡಬ್ಬಿಯನ್ನು ಮುಂದೆ ಹಿಡಿದರು. "ಪುಟ ಮಾತಾಡ್ಬೇಕು, ನೀನಲ್ಲ."

ರಂಜನಿ ಹೆಬ್ಬಾಳದ ಆಚೆ ದೊಡ್ಡ ಆಫೀಸೊಂದರಲ್ಲಿ ಟೆಕ್ನಿಕಲ್ ರೈಟರ್. ಎಂಟು ವರ್ಷ ಯಾರೂ ಓದದ ಇಂಗ್ಲಿಷ್ ಮ್ಯಾನ್ಯುಯಲ್‌ಗಳನ್ನು ಬರೆದು ಬರೆದು ಸಾಕಾಗಿ, ಯಾರಾದರೂ ಓದುವಂಥದ್ದನ್ನು ಬರೆಯೋಣ ಎಂದು ಬಂದವಳು. ತನ್ನ ಬರವಣಿಗೆಯ ಮೇಲೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದವನಿಗೆ ಮೂವತ್ತೆರಡು, ಮೂವತ್ತಮೂರು ವರ್ಷವಿರಬಹುದು. ಹಳದಿ ಶರ್ಟು, ಬೆರಳಿಗೆ ಅಂಟಿದ ಕಪ್ಪು ಟೇಪಿನ ಚೂರು, ಅಯ್ಯೋ ಪಾಪ ಎನ್ನಿಸುವಷ್ಟು ಅಮಾಯಕ ಕಣ್ಣು. ಅವನು ರಂಜನಿಯ ಪುಟವನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಿದ.

"'ಒಂದು. ಫೋನಿನ ಬಲಬದಿಯ ಬಟನ್ ಒತ್ತಿ ಹಿಡಿಯಿರಿ.'"

ಒತ್ತಿ ಹಿಡಿದ. ಫೋನು ಆನ್ ಆಯಿತು. ಅವನು ಹಿಡಿದೇ ಇದ್ದ. ಫೋನು ತಬ್ಬಿಬ್ಬಾಗಿ ಆಫ್ ಆಯಿತು, ಮತ್ತೆ ಆನ್ ಆಯಿತು. ಅವನು ಬಿಡಲಿಲ್ಲ.

ರಂಜನಿ ಕಣ್ಣರಳಿಸಿ ಅವನ ಬೆರಳನ್ನೇ ನೋಡಿದಳು.

"ಬಿಡಿ ಅಂತ ಎಲ್ಲೂ ಬರ್ದಿಲ್ವಲ್ಲ ಮೇಡಂ," ಎಂದ ಅವನು ದೀನನಾಗಿ. "ಎಷ್ಟೊತ್ತು ಹಿಡ್ಕೊಂಡಿರ್ಲಿ?"

ಅವಳು ಹುಬ್ಬು ಹಾರಿಸಿ, ಕತ್ತು ಕೊಂಕಿಸಿ ಏನೋ ಸನ್ನೆ ಮಾಡಹೋದಳು. "ಕಣ್ಣಲ್ಲಿ ಹೇಳೋದೂ ಮಾತೇ," ಎಂದು ಸೇತುರಾಮರು ಗದರಿದರು. ಎರಡನೇ ಹಂತ ಇನ್ನೂ ಚೆನ್ನಾಗಿ ನಡೆಯಿತು. 'ನಿಮ್ಮ ಹೆಸರು ಬರೆಯಿರಿ' ಎಂದಿದ್ದಲ್ಲಿ ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದು, ಅವಳ ನೀಟಾದ ಪ್ರಿಂಟ್‌ಔಟಿನ ಅಂಚಿನಲ್ಲಿ ದುಂಡಗೆ 'ಮುನೇಶ್' ಎಂದು ಬರೆದ. ಬರೆದು, ಸರಿಯಾಯಿತಾ ಎಂಬಂತೆ ಅವಳ ಮುಖ ನೋಡಿದ.

ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು.

"ಹಾಂ ಅಜ್ಜಿ, ಹೇಳಿ... ನೆಟ್ ಹೋಯ್ತಾ? ಡಬ್ಬಿ ಮೇಲೆ ಕೆಂಪು ಲೈಟ್ ಬರ್ತಿದ್ಯಾ? ಸ್ವಿಚ್ ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡಿ. ಬರ್ಲಿಲ್ಲ ಅಂದ್ರೆ ಫೈಬರ್ ಜಾಯಿಂಟ್ ನೋಡ್ಬೇಕು, ಮಧ್ಯಾಹ್ನ ಬರ್ತೀನಿ."

ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಳಗಕ್ಕೆ ಚಿತ್ರ ಬರೆದುಕೊಡುವ ಸಂಯುಕ್ತಾ ಕಣ್ಣೊರೆಸಿಕೊಂಡು, "ಸಾರಿ ಕಣ್ರೀ ರಂಜನಿ, ಹೊಸಬರಿಗೆಲ್ಲ ಇವ್ರು ಇದೇ ಆಟ ಆಡೋದು," ಎಂದಳು. "ಅಬ್ಬಿಗೆರೇಲಿ ಅರ್ಧ ಊರಿಗೆ ಇಂಟರ್ನೆಟ್ ಕೇಬಲ್ ಎಳ್ದಿರೋ ಆಸಾಮಿ. ನಮ್ಮ ಎಡಿಟರ್ರು."

ರಂಜನಿ ಲವಂಗವನ್ನು ಕಟಕ್ಕನೆ ಅಗಿದುಬಿಟ್ಟಳು. ನಾಲಿಗೆ ಉರಿದು ಕಣ್ಣಲ್ಲಿ ನೀರು ಬಂತು. ಮುನೇಶ ಗಾಬರಿಯಾಗಿ ನೀರಿನ ಲೋಟ ತಂದ.

"ಸಾರಿ ಮೇಡಂ. ಆದ್ರೆ ಇದು ಬರೀ ತಮಾಷೆಗಲ್ಲ. ನಮ್ಮ ಬೀದಿಯ ಅಜ್ಜಿಯೊಬ್ರು ನಿಜವಾಗ್ಲೂ ಕಾಲು ಗಂಟೆ ಹಿಡ್ಕೊಂಡಿದ್ರು. ಬಿಟ್ರೆ ಕೆಟ್ಟೋಗುತ್ತೆ ಅಂತ. ನಾನು ಹೋಗೋ ಹೊತ್ತಿಗೆ ಬೆರಳು ಕೆಂಪಗಾಗಿತ್ತು."

ಹೀಗೆ ಹೇಳುವಾಗ ಅವನ ಮುಖದಲ್ಲಿ ನಗು ಇರಲಿಲ್ಲ. ರಂಜನಿ ಸಿಟ್ಟನ್ನು ನೀರಿನ ಜೊತೆ ನುಂಗಿ, ಅವನ ಕೈಯಿಂದಲೇ ಕೆಂಪು ಪೆನ್ನು ಕಿತ್ತುಕೊಂಡು 'ಈಗ ಬಟನ್ ಬಿಡಿ' ಎಂದು ಸೇರಿಸಿದಳು.

ಅಲ್ಲಿಂದ ಭಾನುವಾರಗಳು ಶುರುವಾದವು.

ಮುನೇಶ ತಪ್ಪು ಹುಡುಕುವ ರೀತಿಯೇ ಬೇರೆ. ತಪ್ಪು ಕಂಡಾಗ ಅವನು ಪುಟವನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಮೊದಲು ಎಡಹುಬ್ಬು ಮೇಲೇರುತ್ತಿತ್ತು. ಆಮೇಲೆ ನಗು ಬರದಂತೆ ಕೆಳತುಟಿ ಕಚ್ಚಿಕೊಳ್ಳುತ್ತಿದ್ದ. ಅದಾದ ಮೇಲೆ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಮುಚ್ಚಳ ತೆಗೆಯುವುದರೊಳಗೆ ತಪ್ಪು ಎಲ್ಲಿದೆ ಎಂದು ತಾನೇ ಹುಡುಕಿಬಿಡಬೇಕು ಎಂದು ರಂಜನಿ ಪುಟದ ಮೇಲೆ ಬಾಗುತ್ತಿದ್ದಳು. ಆಗ ಇಬ್ಬರ ತಲೆಗಳೂ ಹತ್ತಿರ ಬರುತ್ತಿದ್ದವು, ಅವನ ಶರ್ಟಿನಿಂದ ಇಸ್ತ್ರಿಯ ಬಿಸಿ ಬಿಸಿ ವಾಸನೆ ಬರುತ್ತಿತ್ತು, ತಪ್ಪು ಹುಡುಕುವುದು ಅವಳಿಗೆ ಮರೆತೇ ಹೋಗುತ್ತಿತ್ತು.

"ಸಿಕ್ತಾ ಮೇಡಂ?"

"ಹುಡುಕ್ತಿದೀನಿ, ಸುಮ್ನಿರ್ರೀ."

"ಪುಟ ತಲೆಕೆಳಗಿದೆ."

ಸಂಜಯನಗರದಲ್ಲೇ ಇದ್ದ ಅವಳ ಮನೆಯಲ್ಲಿ ಅಮ್ಮ ಕೌಸಲ್ಯಾಗೆ ಇದರ ವಾಸನೆ ಮೊದಲೇ ಹತ್ತಿತ್ತು. "ವಾರವೆಲ್ಲ ಮೂರು ಸಲ ಅಲಾರಂ ಹೊಡೀಬೇಕು. ಭಾನುವಾರ ಮಾತ್ರ ಆರು ಗಂಟೆಗೇ ತಲೆಗೆ ಸ್ನಾನ. ಅದೇನಮ್ಮಾ ಅಂಥ ಸಮಾಜಸೇವೆ?" ಎಂದು ದೋಸೆ ತಿರುವಿಹಾಕುತ್ತ ಕೇಳಿದರೆ ರಂಜನಿ ಚಟ್ನಿಗೆ ಉಪ್ಪು ಕಮ್ಮಿಯಾಗಿದೆ ಎಂದು ಮಾತು ತೇಲಿಸುತ್ತಿದ್ದಳು.

ಅವರಿಬ್ಬರ ನಿಜವಾದ ಜಗಳ ನಡೆದದ್ದು ಹದಿನಾಲ್ಕನೇ ಪುಟದ ಮೇಲೆ. ವಾಟ್ಸಾಪ್ ಸಂದೇಶದ ಕೆಳಗೆ ಬರುವ ಟಿಕ್‌ಗಳ ಪುಟ ಅದು. ಎರಡು ಟಿಕ್ ಬೂದು ಬಣ್ಣದಲ್ಲಿದ್ದರೆ ಸಂದೇಶ ತಲುಪಿದೆ, ಇನ್ನೂ ಓದಿಲ್ಲ. ನೀಲಿಯಾದರೆ ಓದಿದ್ದಾರೆ ಎಂದು ರಂಜನಿ ಬರೆದಿದ್ದಳು. ಪಕ್ಕದಲ್ಲಿ ಮುನೇಶ ಕೆಂಪಕ್ಷರದಲ್ಲಿ 'ಯಾವಾಗಲೂ ಅಲ್ಲ' ಎಂದು ಬರೆದ.

"ಸೆಟ್ಟಿಂಗ್ಸಲ್ಲಿ ನೀಲಿ ಟಿಕ್ ಆಫ್ ಮಾಡ್ಕೊಬಹುದು ಮೇಡಂ. ಅವ್ರು ಓದಿದ್ರೂ ನಮ್ಗೆ ಬೂದೇ ಕಾಣುತ್ತೆ."

"ನಿನ್ನೆ ಫೋನ್ ತಗೊಂಡವ್ರಿಗೆ ಇದೆಲ್ಲ ಯಾಕ್ರೀ? ತಲೆ ಕೆಟ್ಟು ಪುಸ್ತಕ ಎಸೀತಾರೆ ಅಷ್ಟೆ."

"ಗೊತ್ತಿಲ್ದೆ ಯಾರಾದ್ರೂ ಪೇಚಿಗೆ ಸಿಕ್ಕಿದ್ರೆ?"

"ನೀಲಿ ಟಿಕ್ಕಿಂದ ಯಾರ್ರೀ ಪೇಚಿಗೆ ಸಿಕ್ತಾರೆ!"

ಮಾತು ಬೆಳೆದು, ಬಳಗದವರ ಕೈ ಎತ್ತಿಸಿ ಮತ ಕೇಳಿದಾಗ ರಂಜನಿ ಗೆದ್ದಳು. ಗೆದ್ದ ಖುಷಿಯಲ್ಲಿ ಅವನ ಸಾಲಿನ ಮೇಲೆ ದಪ್ಪಗೆ ಗೆರೆ ಎಳೆದಳು. ಎಳೆದ ಮೇಲೆ ಆ ವಿಷಯ ಅವಳ ತಲೆಯಿಂದಲೂ ಹೋಯಿತು.

ಆಗಲೇ ಬಂದದ್ದು ಅಭ್ಯಾಸದ ಫೋನು. ಹೊಸಬರಿಗೆ ಮೊದಲ ಸಂದೇಶ ಯಾರಿಗೆ ಕಳಿಸುವುದು ಎಂಬುದೇ ದೊಡ್ಡ ಸಂಕೋಚ; ತಪ್ಪಾದರೆ ನೆಂಟರು ನಗುತ್ತಾರೆ. ಅದಕ್ಕೆ ಪುಸ್ತಕದಲ್ಲೇ ಒಂದು ನಂಬರ್ ಕೊಟ್ಟುಬಿಡೋಣ, ಅಲ್ಲಿಗೆ ಏನು ಬೇಕಾದರೂ ಕಳಿಸಿ ಕಲಿಯಲಿ ಎಂದು ಮುನೇಶ ಹಸಿರು ಕವರಿನ ಹಳೆಯ ಫೋನಿಗೆ ಹೊಸ ಸಿಮ್ ಹಾಕಿ ತಂದ. "ಪುಸ್ತಕ ಅಚ್ಚಾಗೋವರ್ಗೂ ಇದು ನಮ್ಮಂಗಡಿ ಡ್ರಾಯರ್‌ನಲ್ಲಿರುತ್ತೆ, ಯಾರೂ ನೋಡಲ್ಲ," ಎಂದ. ಬಳಗದವರು ಪುಸ್ತಕದ ಚಿತ್ರಗಳಿಗಾಗಿ ಆ ನಂಬರಿಗೆ ಆಗಾಗ ಏನಾದರೂ ಕಳಿಸಿ ಸ್ಕ್ರೀನ್‌ಶಾಟ್ ತೆಗೆಯುತ್ತಿದ್ದರು.

ಕಳಿಸಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸುವ ಪುಟ ರಂಜನಿಯ ಪಾಲಿಗೆ ಬಂತು. ಒಂದು ಸಂಜೆ ಸ್ಕ್ರೀನ್‌ಶಾಟ್‌ಗೆಂದು 'ನಮಸ್ಕಾರ' ಎಂದು ಕಳಿಸಿ ಅಳಿಸಿದಳು. ಎರಡನೇ ಸಲ 'ನಾಳೆ ಬರುತ್ತೇನೆ' ಎಂದು ಕಳಿಸಿ ಅಳಿಸಿದಳು. ಮೂರನೇ ಸಲ ಬೆರಳಿಗೆ ಏನಾಯಿತೋ, 'ಮುನೇಶ್, ಇವತ್ತು ನೀವು ಹಾಕಿದ್ದ ಹಳದಿ ಶರ್ಟು ಚೆನ್ನಾಗಿರಲಿಲ್ಲ. ಆದರೂ ಎರಡು ಗಂಟೆ ಅದನ್ನೇ ನೋಡಿದೆ' ಎಂದು ಬರೆಯಿತು. ಎರಡು ಬೂದು ಟಿಕ್ ಬಂದವು. ಹತ್ತು ನಿಮಿಷ ಅವನ್ನೇ ನೋಡಿ, ಅಳಿಸಿದಳು. ಡ್ರಾಯರ್‌ನಲ್ಲಿರುವ ಫೋನು. ಅವನು ತೆಗೆದರೂ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಬಿಟ್ಟು ಇನ್ನೇನು ಕಂಡೀತು?

ಪುಟ ಮುಗಿದು ವಾರಗಳಾದರೂ ಸಂದೇಶಗಳು ನಿಲ್ಲಲಿಲ್ಲ. 'ನೀವು ಮೇಡಂ ಅನ್ನುವುದನ್ನು ಯಾವಾಗ ಬಿಡುತ್ತೀರಿ?' 'ನಿಮ್ಮ ಕೆಂಪು ಪೆನ್ನಿನ ಇಂಕು ಮುಗಿಯದೇ ಇರಲಿ.' 'ಇವತ್ತು ನೀವು ಬರಲಿಲ್ಲ. ಮೂರು ಲೋಟ ಕಾಫಿ ಕುಡಿದೆ, ಒಂದೂ ರುಚಿಸಲಿಲ್ಲ.' ಒಂದಕ್ಕೂ ನೀಲಿ ಟಿಕ್ ಬರಲಿಲ್ಲ. ಎದುರಿಗೆ ನಿಂತು ಹೇಳುವ ಧೈರ್ಯ ಅವಳಿಗಿರಲಿಲ್ಲ. ಅವನು ಮೇಡಂ ಎನ್ನುವವನು, ಲೆಕ್ಕ ಹಾಕಿದಂತೆ ಒಂದು ಕುರ್ಚಿ ಬಿಟ್ಟು ಕೂರುವವನು. ಹೇಳಿ, ಅವನು ಮುಜುಗರಪಟ್ಟು ಬಳಗಕ್ಕೆ ಬರುವುದನ್ನೇ ಬಿಟ್ಟರೆ? ಇರುವ ಭಾನುವಾರವೂ ಹೋದರೆ?

ಆ ಭಯ ಇನ್ನೊಂದು ದಾರಿಯಲ್ಲಿ ಬಂತು.

"ಮುಂದಿನ ಭಾನುವಾರ ನಾನಿರಲ್ಲ ಸರ್," ಎಂದ ಮುನೇಶ ಒಂದು ದಿನ, ಸೇತುರಾಮರಿಗೆ. "ಅಮ್ಮ ದೇವನಹಳ್ಳಿ ಕಡೆ ಹುಡುಗಿ ನೋಡಕ್ಕೆ ಹೊರಡ್ಸಿದಾರೆ."

"ಶುಭಸ್ಯ ಶೀಘ್ರಂ!" ಎಂದರು ಸೇತುರಾಮರು. ಸಂಯುಕ್ತಾ ಸೀರೆ ಯಾವ ಬಣ್ಣದ್ದಿರಬಹುದು ಎಂದು ರೇಗಿಸಿದಳು. ಮುನೇಶ ನಗಲಿಲ್ಲ. ಒಂದು ಗಳಿಗೆ ಅವನ ಕಣ್ಣು ರಂಜನಿಯ ಕಡೆ ಬಂತು. ಅವಳು ಮುಖ ತಗ್ಗಿಸಿ ಇಲ್ಲದ ಅಲ್ಪವಿರಾಮವೊಂದನ್ನು ಹುಡುಕುತ್ತಿದ್ದಳು. ಅವನ ಕಣ್ಣು ವಾಪಸ್ಸು ಹೋಯಿತು.

ಆ ವಾರ ರಂಜನಿಗೆ ಊಟ ಸೇರಲಿಲ್ಲ. ಶನಿವಾರ ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ಕ್ಯಾಬ್ ಸಿಕ್ಕಿಹಾಕಿಕೊಂಡು ಮುಂದೆಯೂ ಹೋಗದೆ ಹಿಂದೆಯೂ ಹೋಗದೆ ನಿಂತಿದ್ದಾಗ ಫೋನು ತೆಗೆದಳು. 'ಮುನೇಶ್, ನಾಳೆ ಹೋಗಬೇಡಿ. ನನಗೆ ನೀವು ಇಷ್ಟ. ಹೋಗಬೇಡಿ.' ಕಳಿಸಿದಳು. ಎರಡು ಬೂದು ಟಿಕ್. ಮೂಗೊರೆಸಿಕೊಂಡು ಅದನ್ನೂ ಅಳಿಸಿದಳು.

ಮರುದಿನ ಹತ್ತು ಗಂಟೆಗೆ ಸೇತುರಾಮರ ಮೆಟ್ಟಿಲು ಹತ್ತಿದರೆ ಮುನೇಶ ಅಲ್ಲೇ ನಿಂತಿದ್ದಾನೆ! ಪಕ್ಕದಲ್ಲಿ ಅರವತ್ತರ ಹತ್ತಿರದ, ದಪ್ಪ ಕುಂಕುಮದ, ಬಗಲಲ್ಲಿ ಬಟ್ಟೆಯ ಚೀಲ ಹಿಡಿದ ಹೆಂಗಸೊಬ್ಬರು.

"ನಮ್ಮಮ್ಮ, ಗೋಪಾಲಮ್ಮ," ಎಂದ ಮುನೇಶ. ಆಮೇಲೆ ದನಿ ತಗ್ಗಿಸಿ, "ನಿನ್ನೆ ಸಂಜೆ ಇದ್ದಕ್ಕಿದ್ದಂಗೆ ಹೋಗೋದನ್ನ ಒಂದು ವಾರ ಮುಂದಕ್ಕೆ ಹಾಕ್ಬಿಟ್ರು ಮೇಡಂ. ನಿಂಗ್ಯಾರೋ ಇದಾಳೆ, ಬಾಯಿ ಬಿಡ್ತಿಲ್ಲ ಅಂತ ಬೈತಾರೆ. ನಂಗೇ ಗೊತ್ತಿಲ್ದೆ ನಂಗೆ ಯಾರಿರ್ತಾರೆ ಹೇಳಿ? ಈಗ ಬಳಗ ನೋಡ್ಬೇಕು ಅಂತ ಹಟ ಹಿಡಿದು ಬಂದಿದಾರೆ."

ಅವನು ಹೋಗಲಿಲ್ಲ ಎಂಬುದೊಂದೇ ರಂಜನಿಯ ಕಿವಿಗೆ ಬಿದ್ದದ್ದು. ಉಳಿದದ್ದು ತಲೆಗೆ ಹೋಗಲಿಲ್ಲ. ಬಾನೆತ್ತರ ಹಾರಿದ ಮನಸ್ಸನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಲವಂಗ ಬಾಯಿಗೆ ಹಾಕಿಕೊಂಡಳು. ಅಂದಿನ ಪರೀಕ್ಷೆ ಅವಳ ಪುಟದ್ದೇ: ಬಂದ ಸಂದೇಶಕ್ಕೆ ಉತ್ತರ ಕೊಡುವುದು ಹೇಗೆ. ಪರೀಕ್ಷೆಗೆ ಕೂರುವವರು ಗೋಪಾಲಮ್ಮ.

"ರಂಜನಿ, ನಿನ್ನ ಫೋನಿಂದ ಒಂದು ನಮಸ್ಕಾರ ಕಳ್ಸು," ಎಂದರು ಸೇತುರಾಮರು.

ಗೋಪಾಲಮ್ಮ ಬಟ್ಟೆಚೀಲಕ್ಕೆ ಕೈ ಹಾಕಿ ಫೋನು ತೆಗೆದರು. ಮೂಲೆ ಒಡೆದ, ಹಸಿರು ಕವರಿನ ಫೋನು. ರಂಜನಿಗೆ ಅದರ ಗುರುತು ಚೆನ್ನಾಗಿತ್ತು.

"ಅಭ್ಯಾಸದ ಫೋನು ಎರಡು ತಿಂಗಳಿಂದ ಅಮ್ಮನ ಹತ್ರಾನೇ ಇರೋದು," ಎಂದ ಮುನೇಶ, ಏನೂ ಅರಿಯದವನಂತೆ. ನಿಜಕ್ಕೂ ಏನೂ ಅರಿಯದವನೇ. "ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿತ್ತಲ್ಲ, ಕಲೀಲಿ ಅಂತ ಕೊಟ್ಟೆ. ಉತ್ತರ ಕೊಡೋದಕ್ಕೆ ಅವಸರ ಪಡ್ಬಾರ್ದು ಅಂತ ನೀಲಿ ಟಿಕ್ ಆಫ್ ಮಾಡಿಟ್ಟಿದೀನಿ."

ತಾನು ದಪ್ಪಗೆ ಗೆರೆ ಎಳೆದು ಹೊಡೆದುಹಾಕಿದ ಸಾಲು ರಂಜನಿಯ ಕಣ್ಣ ಮುಂದೆ ಕುಣಿಯಿತು. ಎದ್ದು ಓಡೋಣವೆಂದರೆ ಬಾಗಿಲಲ್ಲಿ ಮುನೇಶ. ಬೇರೆಯವರ ಫೋನಿಂದ ಕಳಿಸಿ ಎನ್ನೋಣವೆಂದರೆ ಬಾಯಲ್ಲಿ ಲವಂಗ. "ಕಳ್ಸಮ್ಮ, ಯಾಕೆ ಗೊಂಬೆ ಥರ ಕೂತೆ?" ಎಂದರು ಸೇತುರಾಮರು. ಕಳಿಸಿದಳು.

ಹಸಿರು ಕವರಿನ ಫೋನು ಟಿಣ್ ಎಂದಿತು. ರಂಜನಿಯ ವಾಟ್ಸಾಪ್ ಚಿತ್ರ ಬಿಳಿ ದಾಸವಾಳ. ಗೋಪಾಲಮ್ಮ ಅದನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಓಹೋಹೋ... ದಾಸ್ವಾಳ!"

ಚೀಲದಿಂದ ಗೆರೆ ಹಾಕಿದ ಸಣ್ಣ ನೋಟ್‌ಬುಕ್ಕೊಂದನ್ನು ತೆಗೆದು ಪುಟ ಮಗುಚಿದರು. ಬಗ್ಗಿ ನೋಡಲು ಬಂದ ಮಗನಿಗೆ, "ನಿಂಗ್ಯಾಕೋ? ನನ್ ಕಾಪಿ ಪುಸ್ತ್ಕ," ಎಂದು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡರು. ಆಮೇಲೆ ರಂಜನಿಯನ್ನು ನೆತ್ತಿಯಿಂದ ಪಾದದವರೆಗೆ ಒಮ್ಮೆ ನಿಧಾನವಾಗಿ ಅಳೆದರು. ರಂಜನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಗೋಪಾಲಮ್ಮ ಪುಟದಲ್ಲಿ ಬರೆದಂತೆಯೇ ಒಂದೊಂದೇ ಹಂತ ಓದಿ, ಒಂದೊಂದೇ ಅಕ್ಷರ ಒತ್ತಿ, ಹಸಿರು ಬಾಣ ಮುಟ್ಟಿದರು.

ರಂಜನಿಯ ಫೋನಿನಲ್ಲಿ ಉತ್ತರ ಬಂತು. 'ಓಗ್ಲಿಲ್ಲ ಕಣವ್ವ'.

"ಏನಂತ ಬಂತು? ಸರಿಯಾಗಿ ಬಂತಾ?" ಎಂದರು ಸೇತುರಾಮರು.

ರಂಜನಿ ಫೋನನ್ನು ಮಡಿಲಲ್ಲಿ ಮಗುಚಿಟ್ಟು, ತಲೆ ಮಾತ್ರ ಆಡಿಸಿದಳು.

"ಪುಟ ಬೋ ಚೆಂದಾಗೈತೆ," ಎಂದು ಗೋಪಾಲಮ್ಮ ತೀರ್ಪು ಕೊಟ್ಟರು. "ಬರ್ದೋರ್ಗೆ ಬಾಯಿ ಇಲ್ದೇ ಇರಾದೊಂದ್ ಬುಟ್ರೆ, ಎಲ್ಲ ಸರಿ ಐತೆ."

ಕಾಫಿಯ ಹೊತ್ತಿಗೆ ಗೋಪಾಲಮ್ಮ ಅವಳನ್ನು ಮೆಟ್ಟಿಲ ಕೆಳಗೆ, ನಲ್ಲಿಯ ಪಕ್ಕಕ್ಕೆ ಕರೆದುಕೊಂಡು ಹೋದರು.

"ನಾನು... ಅದು ಯಾರೂ ಓದಲ್ಲ ಅಂತ..." ಎಂದಳು ರಂಜನಿ.

"ಮೊದ್ಲು ಬಂದಿದ್ದು ಕಣ್ಮುಂದೇನೇ ಮಾಯ ಆಗೋಯ್ತು. ನಾನೇ ಏನೋ ಒತ್ತಿ ಕೆಡಿಸ್ಬುಟ್ಟೆ ಅಂತ ಎದೆ ಒಡ್ಕಂತು. ಆಮೇಕೆ ಬಂದಿದ್ದೆಲ್ಲ ಮಾಯ ಆಗಾಕ್ ಮುಂಚೆ ಬರ್ಕಂಡೆ. ಅನ್ನೊಂದ್ ಐತೆ." ಗೋಪಾಲಮ್ಮ ನೋಟ್‌ಬುಕ್ಕನ್ನು ತಟ್ಟಿದರು. "ಅಳ್ದಿ ಸಲ್ಟು ನಾನೇ ತಂದಿದ್ದು ಕಣವ್ವ. ಚೆಂದಾಗಿಲ್ಲ ಅಂತ ಬರ್ದಿದೀಯ."

"ಅಯ್ಯೋ! ಚೆನ್ನಾಗಿದೆ... ತುಂಬಾ ಚೆನ್ನಾಗಿದೆ ಅಮ್ಮ."

ಗೋಪಾಲಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆ ನಗು ನೋಡಿದ ಮೇಲೆ ರಂಜನಿಗೆ ಉಸಿರು ಬಂತು.

"ಅವರಿಗೆ ತೋರ್ಸಿದ್ರಾ?"

"ನಾನ್ಯಾಕ್ ತೋರಿಸ್ಲಿ? ನಾನ್ ಏಳಿದ್ರೆ ಅದು ಸಂಬಂದ ನೋಡ್ದಂಗಾಯ್ತದೆ. ನೀನೇ ಏಳಿದ್ರೆ ಅದ್ರ ಬೆಲೆನೇ ಬ್ಯಾರೆ." ಅವರು ರಂಜನಿಯ ಕೈ ಹಿಡಿದರು. ರಾಗಿ ಮುದ್ದೆ ಕಟ್ಟಿ ಗಟ್ಟಿಯಾದ ಅಂಗೈ. "ಆದ್ರೆ ಸುಕ್ರಾರ ಸಾಯಂಕಾಲ ನಾನು ಆ ದೇವ್ನಳ್ಳಿಯೋರ್ಗೆ ಮಾತು ಕೊಡ್ಬೇಕು, ಬತ್ತೀವಿ ಅಂತ್ಲೋ ಇಲ್ಲ ಅಂತ್ಲೋ. ಆ ಮಗೂನೂ ಸುಮ್ನೆ ಸೀರೆ ಉಟ್ಕಂಡು ಕಾಯ್ಬಾರ್ದಲ್ವಾ? ಅಷ್ಟ್ರೊಳ್ಗೆ ಏಳ್ಬುಡು."

"ನಿಮಗೆ... ನಮ್ಮ ಜನ ಬೇರೆ, ನಿಮ್ಮ ಜನ ಬೇರೆ..."

"ಅದ್ನ ಆಮೇಕೆ ನೋಡಾನ. ಅದ್ಕೆ ದೊಡ್ಡೋರು ನಾವಿದೀವಿ. ನಿನ್ ಕೆಲ್ಸ ನೀನ್ ಮಾಡು."

ಸೋಮವಾರ ರಂಜನಿ ಆಫೀಸಿನಲ್ಲಿ ಒಂದು ಖಾಲಿ ಪುಟ ತೆರೆದು, 'ಹಂತ ಒಂದು' ಎಂದು ಬರೆದು, ಮಧ್ಯಾಹ್ನದವರೆಗೆ ಅದನ್ನೇ ನೋಡುತ್ತ ಕೂತಳು. ಬುಧವಾರ ಧೈರ್ಯ ಮಾಡಿ ಅವನಿಗೆ ಫೋನು ಮಾಡಿದಳು.

"ಹೇಳಿ ಮೇಡಂ."

"ಅದು... ಹದಿನೇಳನೇ ಪುಟದಲ್ಲಿ..."

"ಹದಿನೇಳು ಕಳೆದ ತಿಂಗಳೇ ಫೈನಲ್ ಆಯ್ತಲ್ಲ ಮೇಡಂ?"

"ಹೌದಲ್ಲ," ಎಂದು ಇಟ್ಟುಬಿಟ್ಟಳು. ತನ್ನ ಮೇಲೆ ತನಗೇ ಕೋಪ ಬಂತು. ಊರವರಿಗೆಲ್ಲ ಹೇಗೆ ಮಾಡಬೇಕೆಂದು ಹೇಳಿಕೊಡುವವಳಿಗೆ ಒಂದು ಮಾತು ಆಡಲು ಬರುವುದಿಲ್ಲವಲ್ಲ! ಗುರುವಾರ ಅಮ್ಮನ ಮುಂದೆ ಎಲ್ಲವನ್ನೂ ಒಪ್ಪಿಸಿದಳು. ಕೌಸಲ್ಯಾ ಎಲ್ಲ ಕೇಳಿ, "ಅಪ್ಪನಿಗೆ ನಾನು ಹೇಳ್ತೀನಿ. ಅವನಿಗೆ ನಾನು ಹೇಳಕ್ಕಾಗಲ್ಲ," ಎಂದರು.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಆಟೋ ಹತ್ತಿದಳು. ಬಿಇಎಲ್ ಸರ್ಕಲ್ ದಾಟಿ, ಗಂಗಮ್ಮನ ಗುಡಿಯ ಸಂತೆಯಂಥ ಟ್ರಾಫಿಕ್ಕಿನಲ್ಲಿ ಎರಡು ಸಲ ವಾಪಸ್ಸು ತಿರುಗಿಸಿ ಎನ್ನಲು ಬಾಯಿ ತೆರೆದು, ಎರಡು ಸಲವೂ ಮುಚ್ಚಿಕೊಂಡು, ಅಬ್ಬಿಗೆರೆ ಮುಟ್ಟಿದಳು. ಮುನೇಶನ ಕೇಬಲ್ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಪಕ್ಕದ ಟೈಲರ್ ಹೊಲಿಗೆ ನಿಲ್ಲಿಸದೆ, "ಮೂರನೇ ಕ್ರಾಸ್, ನೀರಿನ ಟ್ಯಾಂಕ್ ಮನೆ, ಮೇಲ್ಗಡೆ," ಎಂದ.

ತಾರಸಿಯ ಮೇಲೆ, ಒಣಹಾಕಿದ ಬೆಡ್‌ಶೀಟುಗಳ ನಡುವೆ, ಮುನೇಶ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಕೂದಲೆಳೆಯಷ್ಟು ತೆಳುವಾದ ಗಾಜಿನ ಫೈಬರ್ ಎಳೆ.

"ಮೇಡಂ! ಇಲ್ಲಿ?"

"ಕೆಲಸ ಮುಗಿಸಿ. ಕಾಯ್ತೀನಿ."

"ಇಲಿ ಕಡಿದಿದೆ, ಇನ್ನು ಎರಡು ನಿಮಿಷದ ಕೆಲಸ. ಹೇಳಿ, ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ."

ರಂಜನಿ ಬೆಡ್‌ಶೀಟೊಂದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಿಮ್ಮಮ್ಮ ಹೇಳ್ತಿರೋ ಹುಡುಗಿ ನಾನೇ."

ಎಳೆ ಅವನ ಬೆರಳುಗಳ ನಡುವೆ ಪಟ್ಟನೆ ಮುರಿಯಿತು. ಅವನು ಅದನ್ನು ನೋಡಲಿಲ್ಲ.

"ಏನಂದ್ರಿ?"

"ಅಭ್ಯಾಸದ ಫೋನಿಗೆ ನಿಮಗೆ ಮೆಸೇಜ್ ಬರೀತಿದ್ದೆ. ಬರ್ದು ಅಳಿಸ್ತಿದ್ದೆ. ಡ್ರಾಯರ್‌ನಲ್ಲಿದೆ, ಯಾರೂ ಓದಲ್ಲ ಅಂದ್ಕೊಂಡಿದ್ದೆ."

"ನೀಲಿ ಟಿಕ್ ಬಂದಿಲ್ಲ ಅಂತಾನಾ?" ಅವನ ಎಡಹುಬ್ಬು ನಿಧಾನವಾಗಿ ಮೇಲೇರಿತು.

"ನಗ್ಬೇಡಿ."

"ನಗ್ತಿಲ್ಲ."

"ತುಟಿ ಕಚ್ಕೊಂಡಿದೀರ."

ಅವನು ತುಟಿ ಬಿಟ್ಟ. ನಗು ಮುಖದ ತುಂಬ ಹರಡಿತು, ಆಮೇಲೆ ಅದೇ ಮುಖ ಇದ್ದಕ್ಕಿದ್ದಂತೆ ಗಂಭೀರವಾಯಿತು. "ಏನ್ ಬರ್ದಿದ್ರಿ?"

"ಎಲ್ಲ ನಿಮ್ಮಮ್ಮನ ನೋಟ್‌ಬುಕ್ಕಲ್ಲಿದೆ. ಹನ್ನೊಂದು."

"ಅಂದ್ರೆ ನಂಗೆ ಬರ್ದಿದ್ದನ್ನ ನಾನೊಬ್ನೇ ಓದಿಲ್ವಾ?" ಅವನು ಎದ್ದು ನಿಂತ. "ಓದಲ್ಲ. ನೀವೇ ಹೇಳಿ. ಬಾಯಲ್ಲಿ."

ರಂಜನಿ ಹೇಳಿದಳು. ಹನ್ನೊಂದನ್ನೂ ಅಲ್ಲ, ಕೊನೆಯದೊಂದನ್ನೇ. ನನಗೆ ನೀವು ಇಷ್ಟ, ಹೋಗಬೇಡಿ ಎಂದಳು. ತಡವರಿಸಿದರೂ ಪೂರ್ತಿ ಹೇಳಿದಳು. ಹೇಳಿ ಮುಗಿಸಿದ ಮೇಲೆ ಅಳು ಬಂತು, ನಗುವೂ ಬಂತು.

ಮುನೇಶ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಸಂಜಯನಗರದ ಮೇಡಂ, ಅಬ್ಬಿಗೆರೆ ಕೇಬಲ್‌ನವನು. ಆಸೆ ಪಡ್ಬೇಡ ಅಂತ ನನಗೆ ನಾನೇ ಹೇಳ್ಕೊಂಡು, ಒಂದು ಕುರ್ಚಿ ಬಿಟ್ಟು ಕೂರ್ತಿದ್ದೆ. ಅಮ್ಮ ಹುಡುಗಿ ನೋಡಕ್ಕೆ ಹೋಗೋಣ ಅಂದಾಗ, ಇದ್ರಿಂದಾದ್ರೂ ಬುದ್ಧಿ ಬರ್ಲಿ ಅಂತ ಹೂಂ ಅಂದೆ. ಅವತ್ತು ನೀವು ತಲೆ ಎತ್ತಿ ನೋಡ್ಲೇ ಇಲ್ಲ. ಆ ವಾರ ನಾನು ಯಾರ ಮನೆ ಕನೆಕ್ಷನ್ನೂ ಸರಿಯಾಗಿ ಕೊಟ್ಟಿಲ್ಲ, ರಂಜನಿ."

ರಂಜನಿ ಎಂದು ಅವನು ಅಂದದ್ದು ಅದೇ ಮೊದಲು. ಅವಳು ಇನ್ನೊಂದು ಸಲ ಹೇಳಿ ಎಂದಳು. ಅವನು ಹೇಳಿದ. ಮತ್ತೊಂದು ಸಲ ಅವಳು ಕೇಳದೆಯೇ ಹೇಳಿದ.

"ಆರು ತಿಂಗಳು ಪುಟಗಟ್ಟಲೆ ತಪ್ಪು ಹುಡುಕ್ದೆ. ನಿಮ್ಮಲ್ಲೊಂದು ತಪ್ಪು ಸಿಕ್ಕಿದ್ರೆ ಮರೀಬಹುದಿತ್ತು ಅಂತ. ಸಿಕ್ಲಿಲ್ಲ."

"ನೀಲಿ ಟಿಕ್?"

"ಅದೊಂದು ದೊಡ್ಡ ತಪ್ಪು," ಎಂದ ಮುನೇಶ. "ಅದನ್ನ ತಿದ್ದೋದು ಬೇಡ."

ಅವನು ಫೋನು ತೆಗೆದು ಮನೆಗೆ ಕರೆ ಮಾಡಿದ. ಸ್ಪೀಕರ್ ಹಾಕಿದ. "ಅಮ್ಮಾ, ದೇವನಹಳ್ಳಿಯವ್ರಿಗೆ ಬರಲ್ಲ ಅಂತ ಹೇಳ್ಬಿಡಮ್ಮ."

"ಬೆಳಿಗ್ಗೇನೇ ಏಳ್ಬುಟ್ಟೆ ಕಣೋ," ಎಂದಿತು ಗೋಪಾಲಮ್ಮನ ದನಿ. "ಆ ಹುಡ್ಗಿ ಊಟ ಮಾಡ್ಕಂಡ್ ಬಂದಿದ್ದಾಳಾ ಕೇಳು. ಇಲ್ಲಾಂದ್ರೆ ಮನೇಗ್ ಕರ್ಕಂಡ್ ಬಾ, ಸಾರು ಬಿಸಿ ಐತೆ."

ರಂಜನಿ ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮುನೇಶ ಬೆಡ್‌ಶೀಟನ್ನು ಮೆಲ್ಲಗೆ ಸರಿಸಿ, ಆ ಮುಖವನ್ನು ನೋಡುತ್ತ ನಿಂತುಬಿಟ್ಟ.

ಕೆಳಗಿನಿಂದ ಯಾರೋ ಕೂಗಿದರು. "ಮುನೇಶಾ, ನೆಟ್ ಬಂತೇನಪ್ಪಾ?"

"ಇನ್ನೂ ಸ್ವಲ್ಪ ಹೊತ್ತಾಗುತ್ತೆ ಅಜ್ಜಿ!" ಎಂದು ಅವನು ಅವಳಿಂದ ಕಣ್ಣು ತೆಗೆಯದೆ ಕೂಗಿ ಹೇಳಿದ.

ಅಬ್ಬಿಗೆರೆಯ ಮೂರನೇ ಕ್ರಾಸಿನಲ್ಲಿ ಆ ಶುಕ್ರವಾರ ಮಧ್ಯಾಹ್ನ ಒಂದೂವರೆ ಗಂಟೆ ಇಂಟರ್ನೆಟ್ ಇರಲಿಲ್ಲ. ಮೊದಲ ಅರ್ಧ ಗಂಟೆಗೆ ಮಾತ್ರ ಇಲಿ ಕಾರಣ.